ರಾಯಚೂರಿಗೆ ಸಮುದ್ರ ಬಂತು

ಮೊನ್ನೆಯ ರಜೆ ಆದೇಶ ನಿಮ್ಮ ಮೊಬೈಲಿಗೂ ಬಂದಿರಬೇಕು. ‘ಭಾರಿ ಮಳೆ ಹಿನ್ನೆಲೆಯಲ್ಲಿ ನಾಳೆ ಜಿಲ್ಲೆಯ ಎಲ್ಲ ಶಾಲಾ ಕಾಲೇಜುಗಳಿಗೆ ರಜೆ.’ ಲಾಂಛನ ಇತ್ತು, ಸಹಿ ಇತ್ತು, ಗುಂಡನೆಯ ಮೊಹರೂ ಇತ್ತು. ಕರಾವಳಿ ಕಡೆಯ ಹಳೇ ಆದೇಶ ಅದು. ಯಾರೋ ಪುಣ್ಯಾತ್ಮ ಜಿಲ್ಲೆಯ ಹೆಸರು, ತಾರೀಕು ಅಳಿಸಿ ನಮ್ಮದನ್ನು ಕೂರಿಸಿದ್ದ. ಅಕ್ಷರದ ಸೈಜು ಕೂಡ ಹೊಂದಿಸಿದ್ದ. ಕೊನೆಯ ಸಾಲು ಮಾತ್ರ ಹಾಗೇ ಬಿಟ್ಟಿದ್ದ: ‘ಮೀನುಗಾರರು ಸಮುದ್ರಕ್ಕೆ ಇಳಿಯಬಾರದು.’

ರಾಯಚೂರಿನಲ್ಲಿ! ಆಚೆ ಕೃಷ್ಣೆ, ಈಚೆ ತುಂಗಭದ್ರೆ, ನಡುವೆ ಬರೀ ಬಿಸಿಲು. ಸಮುದ್ರ ಎಲ್ಲಿಂದ ತರೋಣ? ಆದರೆ ಅಷ್ಟು ದೂರ ಓದಿದವರು ಯಾರು? ‘ರಜೆ’ವರೆಗೆ ಓದಿದರೆ ಸಾಕು, ಅಲ್ವಾ.

ಮರುದಿನ ಕ್ಲಾಸು ಅರ್ಧ ಖಾಲಿ. ನಮ್ಮ ಓಣಿಯ ಪಿಯುಸಿ ಹುಡುಗನನ್ನು ಕೇಳಿದೆ. ‘ಫೇಕ್ ಅಂತ ನೋಡಿದ ಕೂಡ್ಲೇ ಗೊತ್ತಾತ್ರಿ ಸರ್’ ಅಂದ.

‘ಮತ್ತೆ ಯಾಕಪ್ಪಾ ಎಲ್ಲರಿಗೂ ಕಳಿಸಿದೆ?’

‘ಖರೇ ಇದ್ರೂ ಇರಬಹುದಲ್ರಿ.’

ಎಂಥ ಸಮಚಿತ್ತ! ಫೋಟೊಗೆ ಯಾವ ಫಿಲ್ಟರ್ ಹಾಕಿದ್ದಾರೆ ಅಂತ ಕಣ್ಣು ಮಿಟುಕಿಸುವುದರೊಳಗೆ ಹೇಳುವ ಮಕ್ಕಳು ಇವರು. ಸುದ್ದಿ ಎಲ್ಲಿಂದ ಬಂತು ಅಂದರೆ ಮಾತ್ರ ‘ಗ್ರೂಪಿನಿಂದ’ ಅಂತಾರೆ. ಸುಮ್ನೆ ಅವರನ್ನು ಬೈದು ಏನು ಬಂತು? ಆದೇಶ ಮೊದಲು ಬಿದ್ದದ್ದು ಮೇಷ್ಟ್ರುಗಳ ಗ್ರೂಪಿನಲ್ಲಿ. ಕೆಳಗೆ ಸಾಲು ಸಾಲು ಕೈಮುಗಿದ ಇಮೋಜಿ.

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಲ್ಲ? ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಹೋದದ್ದು 33ರಲ್ಲಿ ಒಂದು. ನಮ್ಮ ಗ್ರೂಪಿನಲ್ಲಿ ಬೆಳಗಾಗುವಷ್ಟರಲ್ಲಿ ಡ್ಯಾಮೇ ಹೋಗಿತ್ತು. ಎಲ್ಲಿಯದೋ ಪ್ರವಾಹ, ತೇಲುವ ಕಾರುಗಳು, ಹಿಂದೆ ಸಿನಿಮಾ ಮ್ಯೂಸಿಕ್ಕು. ಕಾರುಗಳ ಸ್ಟೀರಿಂಗ್ ಎಡಗಡೆ ಇತ್ತು. ಆಮೇಲೆ ಒಂದು ವಾರ ಎಲ್ಲರೂ ಎಂಜಿನಿಯರುಗಳೇ. ಗೇಟಿನ ಜಾಗಕ್ಕೆ ಸ್ಟಾಪ್ ಲಾಗ್ ಅನ್ನೋ ಉಕ್ಕಿನ ತಡೆ ಹೇಗೆ ಇಳಿಸಬೇಕು ಅಂತ ಚಹಾದಂಗಡಿಯಲ್ಲಿ ಕೂತು ಹೇಳಿಕೊಟ್ಟರು. ಹರಿಯುವ ನೀರಿನಲ್ಲೇ ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಅದನ್ನು ನಿಜಕ್ಕೂ ಇಳಿಸಿ ನೀರು ನಿಲ್ಲಿಸಿತು. ಆ ವಿಡಿಯೋ ಬಂದಾಗ ಗ್ರೂಪಿನಲ್ಲಿ ಒಬ್ಬರು ಬರೆದರು: ‘ಎಐ ಇರಬೇಕು.’

ಸುಳ್ಳು ನಂಬೋದು ಹಳೇ ಚಾಳಿ. ಈಗ ನಿಜವನ್ನೂ ನಂಬಲ್ಲ. ನನಗೆ ನಗು ನಿಲ್ಲೋದು ಇಲ್ಲೇ. 2018ರ ಜುಲೈನಲ್ಲಿ ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಒಂದಷ್ಟು ಗೆಳೆಯರು ಸೇರಿ ಬಂದಿದ್ದರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸ್ಆ್ಯಪ್‌ನಲ್ಲಿ ಹಬ್ಬಿತು. ಜನ ಸೇರಿ ಬಡಿದರು. ಒಬ್ಬ ಯುವ ಎಂಜಿನಿಯರ್ ಸತ್ತೇಹೋದ. ಅದೇ ತಿಂಗಳು ವಾಟ್ಸ್ಆ್ಯಪ್‌ನವರು, ಇನ್ನು ಭಾರತದಲ್ಲಿ ಒಮ್ಮೆಗೆ ಐದೇ ಚಾಟಿಗೆ ಫಾರ್ವರ್ಡ್ ಅಂದರು. 2020ರಲ್ಲಿ, ಜಾಸ್ತಿ ಓಡಾಡಿದ ಮೆಸೇಜಿಗೆ ಒಂದೇ ಚಾಟು ಅಂದರು. ನಾವು ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆವು. ಜಾಸ್ತಿ ಓಡಾಡಿದ್ದು ಅಂತ ತೋರಿಸುವ ಜೋಡಿ ಬಾಣವೂ ಹೋಯಿತು, ಮಿತಿಯೂ ಹೋಯಿತು. ಒಂದು ಜೀವ ಹೋದ ಮೇಲೆ ನಾವು ಕಲಿತ ವಿದ್ಯೆ ಇದು. ಥೂ.

ಈಗ ಕಾಲೇಜುಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ಕಾರ್ಯಾಗಾರ ಮಾಡುತ್ತಾರೆ. ಒಂದಕ್ಕೆ ನಾನೂ ಹೋಗಿದ್ದೆ. ‘ನಮ್ಮ ರಾಷ್ಟ್ರಗೀತೆಯೇ ಜಗತ್ತಿನಲ್ಲಿ ಶ್ರೇಷ್ಠ ಅಂತ ಯುನೆಸ್ಕೋ ಘೋಷಿಸಿದೆ’ ಅಂತ ಅತಿಥಿಗಳು ಭಾಷಣ ಶುರು ಮಾಡಿದರು. ಭರ್ಜರಿ ಚಪ್ಪಾಳೆ. ಹಿಂದಿನ ಬೆಂಚಿನ ಹುಡುಗಿ ಫೋನಿನಲ್ಲಿ ಏನೋ ಹುಡುಕಿ ಎದ್ದು ನಿಂತಳು. ‘ಸರ್, ಅದು ಫೇಕ್ ಐತ್ರಿ.’

‘ಮೊದಲು ಫೋನ್ ಒಳಗಿಡಮ್ಮಾ’ ಅಂತ ಗದರಿದರು.