ಮೊದಲು ಬಂದದ್ದು ಮೊದಲು ಹೋಗಲಿ

ನಿನ್ನೆ ಅಕ್ಕನ ಮನೆಯ ಫ್ರಿಜ್ ತೊಳೆಯಲು ಕೈ ಹಾಕಿದೆ. ಇವತ್ತಿಗೂ ಮನಸ್ಸು ಸರಿಯಿಲ್ಲ. ಸಿಟ್ಟು, ಸಂಕಟ ಎರಡೂ ಇದೆ.

ತರಕಾರಿ ಡ್ರಾಯರ್‌ನಲ್ಲಿ ಒಂದು ಕಟ್ಟು ಸೊಪ್ಪು. ಕವರಿಗೆ ಗಂಟು ಹಾಕಿ ಹಾಗೇ ಇಟ್ಟಿದ್ದರು. ಎತ್ತಿದರೆ ಮೂಲೆಯಲ್ಲಿ ಕಂದು ನೀರು ಜೋತು ನಿಂತಿತ್ತು. ಎಲೆ ಯಾವುದು, ದಂಟು ಯಾವುದು ಗೊತ್ತಾಗುತ್ತಿರಲಿಲ್ಲ, ಎಲ್ಲ ಲೋಳೆ. ಅದರ ಮೇಲೆಯೇ ಇನ್ನೊಂದು ಕವರ್, ಮೊನ್ನೆ ತಂದ ಹೊಸ ಸೊಪ್ಪು. ಪಕ್ಕದಲ್ಲಿ ಸೇಬು. ಹಿಂದಿನ ಮೂಲೆಯಲ್ಲಿ ಮೂರು ಮೊಸರಿನ ಡಬ್ಬಿ. ಮೂರೂ ತೆರೆದವು, ಮೂರರಲ್ಲೂ ಅರ್ಧರ್ಧ. ಎರಡಕ್ಕೆ ಬೂಷ್ಟು ಬಂದಿತ್ತು.

ನಾನು ಎಂಟು ವರ್ಷ ಗೋದಾಮಿನಲ್ಲಿ ಸ್ಟಾಕ್ ನೋಡಿಕೊಂಡಿದ್ದು ನಿಮಗೆಲ್ಲ ಗೊತ್ತೇ ಇದೆ. ಅಲ್ಲಿ ಮೊದಲ ದಿನ ಕಲಿಸಿದ್ದು ಒಂದೇ ಮಾತು. ಮೊದಲು ಬಂದದ್ದು ಮೊದಲು ಹೋಗಬೇಕು. ಹೊಸ ಲೋಡ್ ಬಂದರೆ ಹಳೆಯದನ್ನು ಮುಂದಕ್ಕೆ ಎಳೆದು, ಹೊಸದನ್ನು ಹಿಂದೆ ಜೋಡಿಸಬೇಕು. ಎಕ್ಸ್‌ಪೈರಿ ಹತ್ತಿರ ಇದ್ದದ್ದು ಎಲ್ಲಕ್ಕಿಂತ ಮುಂದೆ. ಸಂಜೆ ಹೊತ್ತಿಗೆ ಸೊಂಟ ಬಿದ್ದುಹೋಗುತ್ತಿತ್ತು. ಆದರೂ ಯಾರೂ ತಪ್ಪಿಸುತ್ತಿರಲಿಲ್ಲ. ಮನೆಯಲ್ಲಿ ಇದೇ ಕೆಲಸಕ್ಕೆ ಹತ್ತು ಸೆಕೆಂಡು ಸಾಕು, ಅದನ್ನೇ ಮಾಡುವುದಿಲ್ಲ ನಾವು.

ಫ್ರಿಜ್ ಒಳಗೆ ಇಟ್ಟ ಮೇಲೆ ಕೆಡುವುದಿಲ್ಲ ಅಂತ ಎಲ್ಲರೂ ನಂಬಿಬಿಟ್ಟಿದ್ದೇವೆ. ತಂಪು ಕೊಳೆಯುವುದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಒಳಗೆ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಆ ತಂಪಿನಲ್ಲೂ ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾ ನಿಧಾನಕ್ಕೆ ಬೆಳೆಯುತ್ತಲೇ ಇರುತ್ತದೆ. ಮೈನಸ್ 18ರ ಫ್ರೀಜರ್‌ನಲ್ಲೂ ಬ್ಯಾಕ್ಟೀರಿಯಾ ಎಲ್ಲ ಸಾಯುವುದಿಲ್ಲ, ಬೆಳೆಯದೆ ಸುಮ್ನೆ ಇರುತ್ತವೆ ಅಷ್ಟೇ. ಐಸ್ ಕರಗಿದರೆ ಮತ್ತೆ ಶುರು. ಜಾಸ್ತಿ ತುರುಕಿದರೆ ಒಳಗೆ ಗಾಳಿಯೂ ಆಡುವುದಿಲ್ಲ. ಬಾಗಿಲಿನ ಕಡೆ ಮೊದಲೇ ಬೆಚ್ಚಗಿರುತ್ತದೆ, ನಾವು ಹಾಲು ಇಡುವುದೂ ಅಲ್ಲೇ.

ಆ ಸೇಬಿನ ವಿಷಯ ಹೇಳಲೇಬೇಕು. ಸೇಬು, ಮಾಗಿದ ಬಾಳೆಹಣ್ಣು ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಪಕ್ಕದಲ್ಲಿರುವ ಸೊಪ್ಪು ಅದರಿಂದ ಬೇಗ ಹಳದಿ ತಿರುಗುತ್ತದೆ. ಅದರ ಜೊತೆಗೆ ಗಂಟು ಹಾಕಿದ ಕವರಿನೊಳಗಿನ ತೇವ. ಆ ಸೊಪ್ಪನ್ನು ನೀರಾರಿಸಿ, ಒಣ ಬಟ್ಟೆಯಲ್ಲಿ ಸುತ್ತಿ, ಹಣ್ಣಿನಿಂದ ದೂರ ಇಟ್ಟಿದ್ದರೆ ಇನ್ನೂ ಒಂದಷ್ಟು ದಿನ ಬರುತ್ತಿತ್ತು. ಆದರೆ ಎಷ್ಟೇ ಚೆನ್ನಾಗಿ ಸುತ್ತಿಟ್ಟರೂ, ಕಣ್ಣಿಗೆ ಬೀಳದಿದ್ದರೆ ಅದು ಅಡುಗೆಗೆ ಬರುವುದಿಲ್ಲ.

ಹಿಟ್ಟಿನ ಡಬ್ಬಿಯ ಕಥೆಯೂ ಇದೇ. ತಳದಲ್ಲಿ ಹಳೆಯದು ಇರುವಾಗಲೇ ಮೇಲೆ ಹೊಸದು ಸುರಿಯುತ್ತೇವೆ. ಮೇಲಿನದು ಖರ್ಚಾಗುತ್ತದೆ, ಮತ್ತೆ ಸುರಿಯುತ್ತೇವೆ. ತಳದ್ದು ತಳದಲ್ಲೇ. ಅದರಲ್ಲಿ ಹುಳ ಬಿದ್ದ ದಿನ ಡಬ್ಬಿ ಪೂರ್ತಿ ಕಸಕ್ಕೆ. ಗೋಡೆಗೆ ಹೊಡೆಯುವ ಪೇಂಟು, ಅಂಟಿನ ಟ್ಯೂಬು, ಬ್ಯಾಟರಿ, ಯಾವುದೂ ಇದಕ್ಕೆ ಹೊರತಲ್ಲ. ಹಿಂದೆ ಒಂದು ಇರುತ್ತದೆ, ಮುಂದೆ ಇನ್ನೊಂದು ತಂದಿಡುತ್ತೇವೆ.

ಭಾವ ಹೇಳಿದರು, "ಮನೆಯಲ್ಲಿ ಹಾಳಾಗೋದು ಎಷ್ಟು ಮಹಾ? ಹೊಲದಲ್ಲಿ, ಲಾರಿಯಲ್ಲಿ ಹಾಳಾಗೋದು ಲೆಕ್ಕವಿಲ್ಲದಷ್ಟು. ಅವರಿಗೆ ಹೇಳು ಮೊದಲು." ಅಲ್ಲೂ ಹಾಳಾಗುತ್ತದೆ, ಇಲ್ಲ ಅನ್ನುವುದಿಲ್ಲ. ಕೊಯ್ಲಾದ ಮೇಲೆ ಅಂಗಡಿ ತಲುಪುವುದರೊಳಗೆ ಜಗತ್ತಿನ ಆಹಾರದಲ್ಲಿ ಸುಮಾರು ಶೇ. 13 ಹೋಗುತ್ತದೆ. ಆದರೆ ಅದಾದ ಮೇಲಿನ ಲೆಕ್ಕವನ್ನೂ ನೋಡಬೇಕಲ್ವಾ? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಇದೆ. 2022ರಲ್ಲಿ ಅಂಗಡಿ, ಹೋಟೆಲು, ಮನೆ ಎಲ್ಲ ಸೇರಿ ಹಾಳಾದದ್ದು ಸುಮಾರು 105 ಕೋಟಿ ಟನ್. ಅದರಲ್ಲಿ ಶೇ. 60ರಷ್ಟು ಮನೆಗಳದ್ದೇ. ಲಾರಿ ನನ್ನ ಕೈಯಲ್ಲಿಲ್ಲ, ಫ್ರಿಜ್ ನನ್ನ ಕೈಯಲ್ಲಿದೆ. "ಟೈಮ್ ಎಲ್ಲಿದೆ" ಅಂತಲೂ ಅಂದರು. ಆ ಲೋಳೆ ಬಳಿದು ಡ್ರಾಯರ್ ತೊಳೆಯಲು ನನಗೆ ಹಿಡಿದದ್ದು ಮುಕ್ಕಾಲು ಗಂಟೆ.

ಇಷ್ಟೊಂದು ಯಾಕೆ ಹಚ್ಚಿಕೊಳ್ಳುತ್ತೀಯ ಅಂತ ಅಕ್ಕ ಕೇಳಿದಳು. ಅವಳಿಗೂ ಹೇಳಿರದ ವಿಷಯ ಇದು. ಅಪ್ಪನ ಇನ್ಸುಲಿನ್ ನೋಡಿಕೊಳ್ಳುತ್ತಿದ್ದವರು ನಾವಿಬ್ಬರೇ. ಒಂದು ಸಲ ಹೊಸ ಡಬ್ಬಿ ತಂದಾಗ ತಂಪು ಚೆನ್ನಾಗಿ ತಾಗಲಿ ಅಂತ ಫ್ರಿಜ್‌ನ ಹಿಂದಿನ ಗೋಡೆಗೆ ಒತ್ತಿ ಇಟ್ಟಿದ್ದೆ. ಅದು 2ರಿಂದ 8 ಡಿಗ್ರಿಯೊಳಗೆ ಇರಬೇಕಿತ್ತು. ಅಲ್ಲಿ ಹೆಪ್ಪುಗಟ್ಟಿತ್ತು. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದನ್ನು ನಂಬುವಂತಿಲ್ಲ, ಎಸೆಯಬೇಕು. ನನಗೆ ಗೊತ್ತಿರಲಿಲ್ಲ, ಕರಗಿಸಿ ಕೊಟ್ಟೆ. ನಾಲ್ಕು ದಿನ ಅಪ್ಪನ ಶುಗರ್ ಇಳಿಯಲಿಲ್ಲ. ಕದ್ದು ಸಿಹಿ ತಿಂದಿದ್ದಾರೆ ಅಂದುಕೊಂಡು ನಾನು ಅವರ ಮೇಲೆ ರೇಗಿದೆ. ಅವರು ಏನೂ ಹೇಳದೆ ಗೋಡೆ ಕಡೆ ತಿರುಗಿ ಮಲಗಿದರು. ಎಂಟು ವರ್ಷ ಬೇರೆಯವರ ಸರಕು ಕಾಯ್ದ ನನಗೆ ಅಪ್ಪನ ಒಂದು ಔಷಧಿ ಕಾಯಲು ಆಗಲಿಲ್ಲ.

ನಿನ್ನೆ ಹಳೆಯದನ್ನೆಲ್ಲ ಮುಂದಕ್ಕೆ ತಂದು, ತೆರೆದ ಡಬ್ಬಿಗಳಿಗೆ ಟೇಪ್ ಅಂಟಿಸಿ ತಾರೀಖು ಬರೆದೆ. ಎಲ್ಲಕ್ಕಿಂತ ಮೇಲೆ, ಮುಂದೆ, ಒಂದು ಟ್ರೇ ಇಟ್ಟೆ. ಮೊದಲು ಮುಗಿಸಬೇಕಾದದ್ದು ಅದರಲ್ಲಿ. ಚೆನ್ನಾಗಿದ್ದ ಆ ಮೂರನೇ ಮೊಸರಿನ ಡಬ್ಬಿಯೂ ಅದರಲ್ಲೇ ಇತ್ತು. ಈಗಷ್ಟೇ ಅಕ್ಕ ಫೋನ್ ಮಾಡಿ, "ಮೊಸರು ಮುಗೀತು ಕಣೋ, ಡಬ್ಬಿ ತೊಳೆದಿಟ್ಟೆ" ಅಂದಳು.