ಹುಲ್ಲು ಸುಟ್ಟ ಬೂದಿ ಗದ್ದೆಗೆ ಗೊಬ್ಬರವೇ? ಸತ್ಯಾಂಶ

ಭದ್ರಾ ನಾಲೆಯ ನೀರುಣ್ಣುವ ದಾವಣಗೆರೆ, ಹರಿಹರ ಸೀಮೆಯಲ್ಲಿ ಭತ್ತದ ಕೊಯ್ಲು ಮುಗಿದೊಡನೆ, 'ಹುಲ್ಲಿಗೆ ಬೆಂಕಿ ಹಾಕಿ, ಬೂದಿಯೇ ಒಳ್ಳೆಯ ಗೊಬ್ಬರ' ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ಇದರಲ್ಲಿ ನಿಜದ ಎಳೆಯೊಂದಿದೆ: ಹುಲ್ಲಿನ ಪೊಟ್ಯಾಷ್‌ನ ಹೆಚ್ಚಿನ ಪಾಲು ಬೂದಿಯಲ್ಲಿ ಉಳಿಯುತ್ತದೆ. ಆದರೆ ಒಂದು ಟನ್ ಹುಲ್ಲಿನಲ್ಲಿರುವ ಸುಮಾರು 400 ಕಿಲೋ ಇಂಗಾಲ ಮತ್ತು 5.5 ಕಿಲೋ ಸಾರಜನಕ ಬಹುಮಟ್ಟಿಗೆ ಹೊಗೆಯಾಗಿ ಹೋಗುತ್ತವೆ. ಆ ಸಾರಜನಕಕ್ಕೆ ಬದಲಾಗಿ ರೈತ ಮತ್ತೆ ಯೂರಿಯಾ ಕೊಳ್ಳಬೇಕಾಗುತ್ತದೆ.

ಕಟಾವು ಯಂತ್ರ ಹುಲ್ಲನ್ನು ಸಾಲುಸಾಲಾಗಿ ಬಿಟ್ಟುಹೋಗುವುದರಿಂದ, ಬೆಂಕಿಯ ಕಾವು ಆ ಪಟ್ಟಿಗಳಲ್ಲೇ ಹೆಚ್ಚಾಗಿ, ಮೇಲ್ಮಣ್ಣಿನ ಸೂಕ್ಷ್ಮಜೀವಿಗಳು ಸಾಯುತ್ತವೆ. ಒಮ್ಮೆ ಸುಟ್ಟರೆ ಅವು ಚೇತರಿಸಿಕೊಳ್ಳಬಹುದು, ಆದರೆ ವರ್ಷಕ್ಕೆ ಎರಡು ಬೆಳೆಯಂತೆ ಸುಡುತ್ತಲೇ ಹೋದರೆ ಮಣ್ಣಿನ ಸಾವಯವ ಅಂಶ ಕುಗ್ಗಿ, ನೀರು ಹಿಡಿದಿಡುವ ಗುಣವೂ ಕ್ಷೀಣಿಸುತ್ತದೆ. ಕೀಟಗಳೊಂದಿಗೆ ಅವುಗಳನ್ನು ತಿನ್ನುವ ಜೇಡಗಳೂ ಸುಟ್ಟುಹೋಗುತ್ತವೆ ಎಂಬುದನ್ನು ಸಂದೇಶ ಹೇಳುವುದೇ ಇಲ್ಲ.

ನಾಟಿಗೆ ಮೂರು ವಾರ ಮೊದಲೇ ಹಸಿ ಮಣ್ಣಿಗೆ ರೋಟಾವೇಟರ್‌ನಿಂದ (ಮಣ್ಣನ್ನು ಕೊಚ್ಚಿ ಬೆರೆಸುವ ಟ್ರ್ಯಾಕ್ಟರ್ ಉಪಕರಣ) ಹುಲ್ಲನ್ನು ಸೇರಿಸಿದರೆ ಅದು ಅಲ್ಲೇ ಕೊಳೆಯುತ್ತದೆ. ಬಿಡುವು ಅಷ್ಟಿಲ್ಲದಿದ್ದರೆ ಪೆಂಡಿ ಕಟ್ಟಿಸಿ ಮೇವಿಗೆ ಕೊಡಬಹುದು. ಬೇಸಿಗೆಯಲ್ಲಿ ಜಗಳೂರು, ಚಳ್ಳಕೆರೆಯ ಕಡೆ ದನಕರುಗಳಿಗೆ ಒಣಮೇವು ಎಷ್ಟು ಅಮೂಲ್ಯವೆಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ.