ಸ್ಪಷ್ಟನೆ: ನರ್ಸ್‌ಗಳು ಆರಾಮಕ್ಕಾಗಿ ವಯಸ್ಸಾದವರ ಕೈ ಕಟ್ಟುತ್ತಾರಾ?

ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಆಸ್ಪತ್ರೆಗೆ ಸೇರಿದ ಹಿರಿಯರು ಏನೇನೋ ಮಾತಾಡಿದರೆ ಅದು ಮರೆವಿನ ಕಾಯಿಲೆಯಂತೆ, ನರ್ಸ್‌ಗಳು ತಮ್ಮ ಆರಾಮಕ್ಕೆ ಕೈ ಕಟ್ಟಿ ನಿದ್ದೆ ಇಂಜೆಕ್ಷನ್ ಕೊಡುತ್ತಾರಂತೆ. ಎರಡೂ ಸರಿಯಲ್ಲ.

ಗಂಟೆಗಳಲ್ಲೋ ಒಂದೆರಡು ದಿನದಲ್ಲೋ ದಿಢೀರ್ ಶುರುವಾಗುವ ಗೊಂದಲ ಸಾಮಾನ್ಯವಾಗಿ ಡೆಲಿರಿಯಂ, ಹಳಬರು ಸನ್ನಿ ಅನ್ನುತ್ತಿದ್ದದ್ದು. ಸೋಂಕು, ಆಪರೇಷನ್, ಮೂತ್ರ ಕಟ್ಟುವುದು, ನೀರು ಕಡಿಮೆಯಾಗುವುದು, ಕೆಲವು ಮಾತ್ರೆಗಳು, ಹೀಗೆ ಕಾರಣ ಹಲವು. ಕಾರಣ ಹಿಡಿದು ಚಿಕಿತ್ಸೆ ಕೊಟ್ಟರೆ ತುಂಬಾ ಜನರಿಗೆ ಇಳಿಯುತ್ತದೆ, ಕೆಲವರಿಗೆ ವಾರಗಟ್ಟಲೆ ಬೇಕು. ಕೂಗಾಡದೆ ಸುಮ್ನೆ ಮಲಗಿರುವವರಿಗೂ ಇದು ಬಂದಿರಬಹುದು, ಅದು ಎಷ್ಟೋ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಟ್ಟಿದರೆ ಗಾಬರಿ ಜಾಸ್ತಿಯಾಗುತ್ತದೆ, ಇಂಜೆಕ್ಷನ್ ಮೂಲ ಕಾರಣವನ್ನು ಮುಟ್ಟುವುದಿಲ್ಲ, ಪಕ್ಕದಲ್ಲಿ ಕೂತು ಸಮಾಧಾನ ಮಾಡಬೇಕು ಅನ್ನುವುದು ನರ್ಸ್‌ಗಳಿಗೇ ಗೊತ್ತು. ಆದರೆ ನೈಟ್ ಡ್ಯೂಟಿಯಲ್ಲಿ ತುಂಬಿದ ವಾರ್ಡಿಗೆ ಒಬ್ಬರೋ ಇಬ್ಬರೋ ಇರುವಾಗ ಅಜ್ಜ ಡ್ರಿಪ್ ಕಿತ್ತು ಮಂಚದಿಂದ ಇಳಿಯಲು ಹೊರಟರೆ, ಅತ್ತ ಇನ್ನೊಬ್ಬರಿಗೆ ಉಸಿರು ಕಟ್ಟುತ್ತಿದ್ದರೆ, ಕೂರುವುದು ಎಲ್ಲಿಂದ? ಸರಿ ಯಾವುದು ಅಂತ ಗೊತ್ತಿದ್ದೂ ಮಾಡಲಾಗದ ಈ ಸಂಕಟದ ಬಗ್ಗೆ ಅಮೆರಿಕದ ತತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್ಟನ್ 1984ರಲ್ಲೇ ಬರೆದಿದ್ದರು. ಹಾಗಂತ ಕಟ್ಟಿದ್ದೆಲ್ಲ ಸರಿ ಅಂತಲ್ಲ. ಬೈಯುವುದಾದರೆ ಸಿಬ್ಬಂದಿ ಕೊಡದವರನ್ನು ಬೈಯಿರಿ.

ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಿನ, ಜಾಗ ನೆನಪಿಸುವುದು, ಓಡಾಡಿಸುವುದು, ಒಳ್ಳೆಯ ನಿದ್ದೆ ಇಂಥವುಗಳಿಂದಲೇ ಡೆಲಿರಿಯಂ ಬರುವ ಹಿರಿಯರ ಪ್ರಮಾಣ ಮಾಮೂಲಿ ಆರೈಕೆಯ ಶೇ. 15ರ ಬದಲು ಶೇ. 9.9 ಆಗಿತ್ತು. ಇದಕ್ಕೆ ಬೇಕಾದದ್ದು ಜನ, ಅಲ್ವಾ? ಮನೆಯವರು ಕನ್ನಡಕ, ಕಿವಿಯ ಮಿಷನ್ ತಂದುಕೊಟ್ಟು ಸರದಿಯಲ್ಲಿ ಜೊತೆಗಿದ್ದರೆ ದೊಡ್ಡ ಸಹಾಯ. "ನಿನ್ನೆವರೆಗೆ ಹೀಗಿರಲಿಲ್ಲ" ಅನ್ನುವುದನ್ನು ಮಾತ್ರ ಡಾಕ್ಟರಿಗೆ ತಪ್ಪದೆ ಹೇಳಿ.